ಚುಚ್ಚದೆ ಬಿಟ್ಟ ಬೆರಳು

ಅವರನ್ನು ಎಲ್ಲರೂ ಡ್ರಿಲ್ ಮೇಡಂ ಎಂದೇ ಕರೆಯುತ್ತಿದ್ದರು. ಮೂವತ್ತೊಂದು ವರ್ಷ ಹೆಣ್ಣುಮಕ್ಕಳ ಶಾಲೆಯಲ್ಲಿ ವ್ಯಾಯಾಮ ಶಿಕ್ಷಕಿಯಾಗಿದ್ದು ನಿವೃತ್ತರಾದವರು. ಶಾಲೆ ಬಿಟ್ಟು ಏಳು ವರ್ಷವಾಗಿದ್ದರೂ ನಡಿಗೆ ಮಾತ್ರ ಮೈದಾನದ ನಡಿಗೆಯೇ. ರಸ್ತೆಯಲ್ಲಿ ಅವರು ಹಿಂದಿನಿಂದ ಬರುತ್ತಿದ್ದಾರೆಂದು ಗೊತ್ತಾದರೆ ಮುಂದೆ ಹೋಗುತ್ತಿದ್ದವರು ತಮಗರಿವಿಲ್ಲದೆ ಬೆನ್ನು ನೆಟ್ಟಗೆ ಮಾಡಿಕೊಳ್ಳುತ್ತಿದ್ದರು. ಮದುವೆಯಾಗಿರಲಿಲ್ಲ. ಗಂಡನನ್ನು ಕಳೆದುಕೊಂಡ ಅಕ್ಕನ ಜೊತೆ ಎರಡು ಕೋಣೆಯ ಮನೆಯಲ್ಲಿದ್ದರು. ಅಕ್ಕ ದಿನವಿಡೀ ರೇಡಿಯೋ ಕೇಳುತ್ತ ಕೂತರೆ ಮೇಡಂ ಮನೆಯೊಳಗೇ ಸುತ್ತು ಹಾಕುತ್ತಿದ್ದರು. "ಕೂತ್ಕೊಳ್ಳೇ, ನೆಲ ಸವೆದುಹೋಗುತ್ತೆ" ಎಂದು ಅಕ್ಕ ಗದರುತ್ತಿದ್ದರು.

ಹೀಗಿರುವಾಗ ಆರೋಗ್ಯ ಕೇಂದ್ರದವರು ಬಡಾವಣೆಯ ಸಮುದಾಯ ಭವನದಲ್ಲಿ ಅರವತ್ತು ದಾಟಿದವರಿಗಾಗಿ ಒಂದು ತರಗತಿ ಶುರುಮಾಡಿದರು. ವಾರಕ್ಕೆ ಮೂರು ದಿನ, ಬೆಳಿಗ್ಗೆ ಒಂಬತ್ತರಿಂದ ಹತ್ತರವರೆಗೆ ವ್ಯಾಯಾಮ. ಶನಿವಾರ ಅದರ ಜೊತೆಗೆ ಊಟದ ಪಾಠ: ತಟ್ಟೆಯಲ್ಲಿ ಅರ್ಧ ತರಕಾರಿ, ಕಾಲು ಭಾಗ ಬೇಳೆಕಾಳು ಅಥವಾ ಮೊಟ್ಟೆ, ಉಳಿದ ಕಾಲು ಭಾಗ ಮಾತ್ರ ಹಿಟ್ಟು ಅಕ್ಕಿಯ ಪದಾರ್ಥ. ಬಂದವರಲ್ಲಿ ಮುಕ್ಕಾಲು ಪಾಲು ಜನಕ್ಕೆ ಶುಗರ್ ಇತ್ತು, ಇಲ್ಲವೇ ಬಿಪಿ ಇತ್ತು, ಎರಡೂ ಇಲ್ಲದವರಿಗೆ ಸೊಂಟದ ಸುತ್ತಳತೆ ಇತ್ತು. ತರಗತಿ ನಡೆಸಲು ಯಾರಾದರೂ ಬೇಕು ಎಂದಾಗ ಕೇಂದ್ರದ ನರ್ಸಮ್ಮ ನೇರವಾಗಿ ಮೇಡಂ ಮನೆ ಬಾಗಿಲಿಗೇ ಬಂದಳು. ಆಕೆಯೂ ಒಂದು ಕಾಲದಲ್ಲಿ ಮೇಡಂ ಊದುವ ಸೀಟಿಗೆ ಹೆದರಿ ಓಡಿದ ಹುಡುಗಿಯೇ.

ಐದು ತಿಂಗಳಲ್ಲಿ ತರಗತಿ ಚೆನ್ನಾಗಿ ಕುದುರಿತು. ಮರಳು ತುಂಬಿದ ನೀರಿನ ಬಾಟಲಿಗಳೇ ಡಂಬೆಲ್ಲು. ಪ್ಲಾಸ್ಟಿಕ್ ಕುರ್ಚಿ ಹಿಡಿದುಕೊಂಡು ಏಳುವುದು, ಕೂರುವುದು, ಒಂಟಿ ಕಾಲಲ್ಲಿ ನಿಲ್ಲುವುದು. ಮೊದಮೊದಲು ಮೊಣಕಾಲು ಹಿಡಿದು ನರಳುತ್ತಿದ್ದವರು ಈಗ ಮೇಡಂ ಬರುವ ಮೊದಲೇ ಸಾಲಿನಲ್ಲಿ ನಿಂತಿರುತ್ತಿದ್ದರು.

ಅವರಲ್ಲೆಲ್ಲ ಮೇಡಂಗೆ ಹೆಮ್ಮೆಯ ಮನುಷ್ಯನೆಂದರೆ ಗಡಿಯಾರದವರು. ನಲವತ್ತು ವರ್ಷ ಗಡಿಯಾರ ರಿಪೇರಿ ಮಾಡಿ, ಕಣ್ಣು ಮಂಜಾದ ಮೇಲೆ ಅಂಗಡಿ ಮುಚ್ಚಿದವರು. ಎಪ್ಪತ್ತರ ಆಸುಪಾಸು. ಮೊದಲನೆಯ ದಿನವೇ ತಮ್ಮ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಹೇಳಿದ್ದರು: "ಇದು ಮೂವತ್ತು ವರ್ಷದಿಂದ ಫಾಸ್ಟ್ ಹೋಗ್ತಾ ಇದೆ ಮೇಡಂ. ನಾನೆಲ್ಲಿದ್ರೂ ನನಗಿಂತ ಒಂದು ಗೇಣು ಮುಂದೆ. ಸ್ವಲ್ಪ ಹಿಂದಕ್ಕೆ ತಿರುಗಿಸಿಕೊಡಿ."

ತಿರುಗಿತು ಕೂಡ. ಐದು ತಿಂಗಳಲ್ಲಿ ಏಳು ಕಿಲೋ ಇಳಿದರು. ತಿಂಗಳ ಮೊದಲ ಗುರುವಾರ ಎಲ್ಲರ ತೂಕ ನೋಡುವ ದಿನ. ಇಳಿದವರಿಗೆ ಇಡೀ ಭವನ ಚಪ್ಪಾಳೆ ತಟ್ಟಬೇಕೆಂದು ಮೇಡಂ ಕಟ್ಟಳೆ ಮಾಡಿದ್ದರು. ಗಡಿಯಾರದವರು ತೂಕದ ಯಂತ್ರದಿಂದ ಇಳಿದಾಗಲೆಲ್ಲ ಮೇಡಂ ಅವರ ಹೆಗಲು ತಟ್ಟಿ, "ಇವರನ್ನ ನೋಡಿ ಕಲೀರಿ. ಬಾಯಿ ಕಟ್ಟೋದು ಅಂದ್ರೆ ಇದು" ಎನ್ನುತ್ತಿದ್ದರು. ಆ ಮನುಷ್ಯ ಮದುಮಗನ ಹಾಗೆ ನಾಚಿಕೊಂಡು ತಮ್ಮ ಜಾಗಕ್ಕೆ ಹೋಗುತ್ತಿದ್ದರು.

ತರಗತಿಗೆ ಮುರಿಯಬಾರದ ಒಂದು ನಿಯಮವಿತ್ತು, ಅದನ್ನು ನರ್ಸಮ್ಮ ಮಾಡಿದ್ದಳು. ಶುಗರ್ ಮಾತ್ರೆ ನುಂಗುವ ಹದಿನಾಲ್ಕು ಜನಕ್ಕೂ ವ್ಯಾಯಾಮಕ್ಕೆ ಮೊದಲು ಬೆರಳು ಚುಚ್ಚಿ ಶುಗರ್ ನೋಡಬೇಕು, ತಿಂಡಿ ಆಗಿದೆಯೇ ಎಂದು ಕೇಳಬೇಕು, ಎರಡನ್ನೂ ಪುಸ್ತಕದಲ್ಲಿ ಬರೆಯಬೇಕು. ನೂರಕ್ಕಿಂತ ಕಡಿಮೆ ಬಂದರೆ ಒಂದು ಬಾಳೆಹಣ್ಣು ತಿನ್ನಿಸಿ, ಕಾಲು ಗಂಟೆ ಕೂರಿಸಿ, ಮತ್ತೆ ನೋಡಬೇಕು. "ಮಾತ್ರೆ ನುಂಗಿ, ಹೊಟ್ಟೆ ಖಾಲಿ ಇಟ್ಕೊಂಡು, ಮೇಲೆ ವ್ಯಾಯಾಮ ಬೇರೆ ಮಾಡಿದ್ರೆ ಶುಗರ್ ಧೊಪ್ಪಂತ ಬೀಳುತ್ತೆ ಮೇಡಂ. ಜಾಸ್ತಿ ಆಗೋದಕ್ಕಿಂತ ಅದು ಅಪಾಯ" ಎಂದು ಆಕೆ ಹೇಳಿಕೊಟ್ಟಿದ್ದಳು. ಚುಚ್ಚುವುದನ್ನೂ ಮೇಡಂಗೆ ಕಲಿಸಿದ್ದಳು, ಎಂದಾದರೂ ತಾನು ಬರಲಾಗದಿದ್ದರೆ ಎಂದು.

ಅಂಥ ದಿನ ಬಂದದ್ದು ಆರನೆಯ ತಿಂಗಳ ಮೊದಲ ಗುರುವಾರ. ಬೆಳಿಗ್ಗೆ ಎಂಟೂವರೆಗೆ ನರ್ಸಮ್ಮ ಫೋನ್ ಮಾಡಿದಳು. ಕೇಂದ್ರದಲ್ಲಿ ಮಕ್ಕಳಿಗೆ ಲಸಿಕೆ ಹಾಕುವವಳು ರಜ ಹಾಕಿದ್ದಾಳೆ, ಹನ್ನೊಂದರವರೆಗೆ ತಾನು ಅಲ್ಲಿಯೇ ಇರಬೇಕು. "ಶುಗರ್ ನೀವೇ ನೋಡಿಬಿಡಿ ಮೇಡಂ." ಅದೇ ದಿನ ಒಂಬತ್ತೂವರೆಗೆ ಮೇಲಿನ ಕಚೇರಿಯಿಂದ ನಾಲ್ಕು ಜನ ತರಗತಿ ನೋಡಲು ಬರುವವರಿದ್ದರು. ಇಲ್ಲಿ ಚೆನ್ನಾಗಿ ನಡೆದರೆ ಬೇರೆ ಬಡಾವಣೆಗಳಲ್ಲೂ ಶುರುಮಾಡುವ ಮಾತಿತ್ತು.

ಮೇಡಂ ಚುಚ್ಚಲು ಕೂತರು. ವಯಸ್ಸಾದವರ ಬೆರಳು ಒರಟು, ಬೆಳಗಿನ ಚಳಿ ಬೇರೆ, ರಕ್ತದ ಹನಿ ಬೇಗ ಬರುತ್ತಿರಲಿಲ್ಲ. ಒಬ್ಬರಿಗೆ ಮೂರು ಸಲ ಚುಚ್ಚಬೇಕಾಯಿತು. ಒಂಬತ್ತು ಜನರದ್ದು ಮುಗಿಯುವಷ್ಟರಲ್ಲಿ ಗಡಿಯಾರ ಒಂಬತ್ತೂ ಇಪ್ಪತ್ತು ತೋರಿಸುತ್ತಿತ್ತು. ಕುರ್ಚಿ ಜೋಡಿಸಿರಲಿಲ್ಲ, ತೂಕ ಆಗಿರಲಿಲ್ಲ. ಬಂದವರ ಕಣ್ಣಿಗೆ ಮೊದಲು ಬೀಳುವುದು ಈ ಸಂತೆಯ ಗದ್ದಲವೇ ಆಗುತ್ತದಲ್ಲ ಎಂದು ಅವರಿಗೆ ಕಸಿವಿಸಿಯಾಯಿತು. ಉಳಿದವರು ಐದು ಜನ, ಗಡಿಯಾರದವರೂ ಸೇರಿ. ಮೇಡಂ ಪುಸ್ತಕದ ಹಿಂದಿನ ಪುಟ ತಿರುವಿದರು. ಮಂಗಳವಾರ ಐವರದೂ ಸರಿಯಾಗಿಯೇ ಇತ್ತು. ಆ ಸಂಖ್ಯೆಗಳನ್ನೇ ಒಂದೆರಡು ಹೆಚ್ಚುಕಡಿಮೆ ಮಾಡಿ ಇಳಿಸಿದರು. ಗಡಿಯಾರದವರ ಮುಂದೆ ನೂರ ಇಪ್ಪತ್ತೆಂಟು. ತಿಂಡಿಯ ಕಾಲಮ್ಮಿನಲ್ಲಿ ಐವರಿಗೂ 'ಆಗಿದೆ'.

"ನಮ್ದು ಚುಚ್ಚಲಿಲ್ವಲ್ಲ ಮೇಡಂ?" ಎಂದು ಒಬ್ಬರು ಕೇಳಿದರು.

"ಇವತ್ತು ನಿಮ್ಮ ಬೆರಳಿಗೆ ರಜ. ಏಳಿ, ಸಾಲಿಗೆ ಹೋಗಿ" ಎಂದು ಮೇಡಂ ನಕ್ಕರು.

ಗಡಿಯಾರದವರು ಏನೂ ಕೇಳಲಿಲ್ಲ. ತಮ್ಮ ಪಾಡಿಗೆ ಎದ್ದು ಹೋದರು.

ಬರುವವರು ಹೇಳಿದ ಹೊತ್ತಿಗೆ ಸರಿಯಾಗಿ ಬಂದರು. ಅವರೆದುರಿಗೇ ತೂಕ ನಡೆಯಿತು. ಗಡಿಯಾರದವರು ಮತ್ತೆ ಒಂದೂವರೆ ಕಿಲೋ ಇಳಿದಿದ್ದರು. ಚಪ್ಪಾಳೆ ಬಿತ್ತು, ಬಂದವರೂ ತಟ್ಟಿದರು, ಒಬ್ಬರು ಫೋಟೋ ತೆಗೆದರು. ಆಮೇಲೆ ವ್ಯಾಯಾಮ. ಕಾಲು ಗಂಟೆ ಕಳೆಯುವಷ್ಟರಲ್ಲಿ ಗಡಿಯಾರದವರು ಬಾಟಲಿ ಕೆಳಗಿಟ್ಟು ಕುರ್ಚಿಯಲ್ಲಿ ಕುಸಿದು ಕೂತದ್ದು ಮೇಡಂ ಕಣ್ಣಿಗೆ ಬಿತ್ತು. ಹಣೆಯ ಮೇಲೆ ಬೆವರು. ಮಡಿಲಲ್ಲಿಟ್ಟ ಕೈ ಸಣ್ಣಗೆ ನಡುಗುತ್ತಿತ್ತು. ಮೇಡಂ ಅದನ್ನು ನೋಡಿದರು. ನೋಡಲಿಲ್ಲ ಎಂದು ಮುಂದೆ ಎಷ್ಟೋ ದಿನ ತಮಗೆ ತಾವೇ ಹೇಳಿಕೊಳ್ಳಲು ಹೆಣಗಿದರು, ಆದರೆ ನೋಡಿದ್ದು ನಿಜ.

"ಏನ್ರೀ, ಗಡಿಯಾರ ನಿಂತೇಹೋಯ್ತಾ? ಕೀಲಿ ಕೊಡಬೇಕಾ?" ಎಂದು ಭವನಕ್ಕೆಲ್ಲ ಕೇಳುವಂತೆ ಕೂಗಿದರು.

ಎಲ್ಲರೂ ನಕ್ಕರು. ಬಂದವರೂ ನಕ್ಕರು. ಗಡಿಯಾರದವರೂ ನಗಲು ಪ್ರಯತ್ನಿಸಿ ಎದ್ದುನಿಂತರು, ಬಾಟಲಿ ಎತ್ತಿಕೊಂಡು ಕೊನೆಯವರೆಗೂ ಮಾಡಿದರು.

ಹತ್ತೂಕಾಲಿಗೆ ಮನೆಗೆ ಹೊರಟವರು ರಸ್ತೆ ದಾಟುವಲ್ಲಿ, ಅಂಚೆ ಕಚೇರಿಯ ಮೆಟ್ಟಿಲ ಹತ್ತಿರ ಬಿದ್ದರು. ಆಂಬುಲೆನ್ಸಿನವರು ಅಲ್ಲಿಯೇ ಬೆರಳು ಚುಚ್ಚಿ ನೋಡಿದಾಗ ಶುಗರ್ ಮೂವತ್ತೆಂಟು. ಬಿದ್ದ ಏಟಿಗೆ ಬಲದೊಡೆಯ ಮೂಳೆ ಮುರಿದಿತ್ತು.

ಸುದ್ದಿ ಅಂದೇ ಮೇಡಂ ಕಿವಿಗೂ ಬಿತ್ತು. ಆಸ್ಪತ್ರೆಯಿಂದ ಕೇಂದ್ರಕ್ಕೆ ಫೋನ್ ಬಂದಾಗ ನರ್ಸಮ್ಮ ಪುಸ್ತಕ ತೆಗೆದು, ಇದ್ದದ್ದನ್ನು ಇದ್ದಂತೆ ಓದಿ ಹೇಳಿದ್ದಳು: ಒಂಬತ್ತು ಗಂಟೆಗೆ ನೂರ ಇಪ್ಪತ್ತೆಂಟು, ತಿಂಡಿ ಆಗಿದೆ. ಡಾಕ್ಟರು ಅದನ್ನು ನಂಬಿದರು. ನಂಬದಿರಲು ಕಾರಣವೇನಿತ್ತು? ತಿಂಡಿ ತಿಂದು ನೂರ ಇಪ್ಪತ್ತೆಂಟು ಇದ್ದವರಿಗೆ ಇಷ್ಟು ಹಗುರ ವ್ಯಾಯಾಮದಿಂದ ಒಂದು ಗಂಟೆಯಲ್ಲಿ ಇಷ್ಟು ಇಳಿಯುವುದಿಲ್ಲ ಎಂದರು. ಗಡಿಯಾರದವರ ಹೆಂಡತಿಯನ್ನು ಕರೆದು, "ಮಾತ್ರೆ ಯಾರು ಕೊಡೋದು?" ಎಂದು ಕೇಳಿದರು.

"ನಾನೇ."

"ಬೆಳಿಗ್ಗೆ ಮರೆತು ಎರಡು ಸಲ ಕೊಟ್ಟಿರಬಹುದಾ, ಯೋಚನೆ ಮಾಡಿ ನೋಡಿ."

ಆಕೆ ಯೋಚನೆ ಮಾಡಿದರು. ಮಾತ್ರೆಗಳನ್ನು ಪಟ್ಟಿಯಿಂದ ಬಿಡಿಸಿ ಒಂದು ಸಣ್ಣ ಡಬ್ಬಿಗೆ ಸುರಿದಿಡುವುದು ಆಕೆಯ ಅಭ್ಯಾಸ, ಹಾಗಾಗಿ ಎಣಿಸಿ ನೋಡಲು ದಾರಿಯಿರಲಿಲ್ಲ. ಕೊಟ್ಟದ್ದು ನೆನಪಿತ್ತು. ಒಂದೇ ಸಲ ಕೊಟ್ಟೆನೆಂದು ಹೇಗೆ ನೆನಪಿರುತ್ತದೆ? ಯೋಚಿಸಿದಷ್ಟೂ ಎರಡನೆಯ ಸಲವೂ ಕೊಟ್ಟ ಹಾಗೆಯೇ ಕಣ್ಣಿಗೆ ಕಟ್ಟತೊಡಗಿತು.

ಇದೆಲ್ಲ ಮೇಡಂಗೆ ತಿಳಿದದ್ದು ಶನಿವಾರ, ಹಣ್ಣು ಹಿಡಿದುಕೊಂಡು ಆಸ್ಪತ್ರೆಗೆ ಹೋದಾಗ. ಹಿಂದಿನ ದಿನ ಆಪರೇಷನ್ ಮಾಡಿ ತೊಡೆಗೆ ಸಲಾಕೆ ಹಾಕಿದ್ದರು. ಗಡಿಯಾರದವರು ಮಂಪರಿನಲ್ಲಿದ್ದರು. ಹೆಂಡತಿ ಬಾಗಿಲ ಹೊರಗಿನ ಬೆಂಚಿನ ತುದಿಯಲ್ಲಿ ಕೂತಿದ್ದರು.

"ನನ್ನ ಕೈಯಾರೆ ಮಾಡಿದೆ ಮೇಡಂ" ಎಂದರು ಆಕೆ, ಕೇಳುವ ಮೊದಲೇ. "ಎರಡು ಸಲ ಮಾತ್ರೆ ಕೊಟ್ಟುಬಿಟ್ಟಿದ್ದೀನಿ. ನೀವು ಅಷ್ಟು ಕಷ್ಟಪಟ್ಟು ಅವರನ್ನ ಒಂದು ದಾರಿಗೆ ತಂದ್ರಿ. ನಾನು ಹೀಗೆ ಮಾಡಿ ಕೂತೆ."

ಮೇಡಂ ಬಾಯಿ ತೆರೆದರು. ಆಗ ಹೇಳಿದ್ದರೆ ಎರಡು ದಿನದ ತಪ್ಪು ಆಗಿರುತ್ತಿತ್ತು. ಆದರೆ ಬಾಯಿಂದ ಬಂದದ್ದು, "ಹಾಗೆಲ್ಲ ಅಂದ್ಕೋಬೇಡಿ, ಎಲ್ಲ ಸರಿಹೋಗುತ್ತೆ" ಎಂಬ ಮಾತು. ಆಕೆ ಮೇಡಂ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡರು. ನೂರ ಇಪ್ಪತ್ತೆಂಟು ಎಂದು ಬರೆದದ್ದು ಅದೇ ಕೈ. ಬಿಡಿಸಿಕೊಳ್ಳುವ ಹಾಗಿರಲಿಲ್ಲ, ಹಾಗೇ ಬಿಡುವ ಹಾಗೂ ಇರಲಿಲ್ಲ.

ಮನೆಗೆ ಬಂದು ಅಕ್ಕನ ಮುಂದೆ ಎಲ್ಲವನ್ನೂ ಹೇಳಿದರು. ಅಕ್ಕ ರೇಡಿಯೋ ಆರಿಸಿದರು. ಅದೇ ಒಂದು ದೊಡ್ಡ ವಿಷಯ.

"ಬೇಕಂತ ಮಾಡಿದ್ಯೇನೆ?"

"ಬೇಕಂತಲೇ ಬರೆದೆ ಅಕ್ಕ. ಅವರು ಬೀಳಲಿ ಅಂತಲ್ಲ. ಆದ್ರೆ ಸುಳ್ಳು ಅಂತ ಗೊತ್ತಿದ್ದೇ ಬರೆದೆ."

ಅಕ್ಕ, "ಮೊದಲು ಅವರು ಆಸ್ಪತ್ರೆಯಿಂದ ಮನೆಗೆ ಬರಲಿ. ಈಗ ಹೇಳಿ ಅಲ್ಲೊಂದು ರಂಪ ಯಾಕೆ" ಎಂದರು. ಮೇಡಂಗೂ ಅಂಥ ಮಾತೇ ಬೇಕಿತ್ತು. ಗಬಕ್ಕನೆ ಹಿಡಿದುಕೊಂಡರು. ಅವರು ಮನೆಗೆ ಬರಲಿ, ಆಮೇಲೆ.

ಅಷ್ಟರಲ್ಲಿ ಮೇಲಿನ ಕಚೇರಿಯಿಂದ ಕಾಗದ ಬಂತು. ತರಗತಿ ಮಾದರಿಯಾಗಿದೆ, ದಾಖಲೆಗಳನ್ನು ಅಚ್ಚುಕಟ್ಟಾಗಿ ಇಡಲಾಗಿದೆ ಎಂದಿತ್ತು. ನರ್ಸಮ್ಮ ಅದನ್ನು ಎಲ್ಲರೆದುರು ಓದಿದಾಗ ಜನ ಮೇಡಂಗೆ ಚಪ್ಪಾಳೆ ತಟ್ಟಿದರು. ಮೇಡಂ ಕತ್ತು ಬಗ್ಗಿಸಿ ನಿಂತರು. ನಾಚಿಕೆ ಎಂದುಕೊಂಡರು ಜನ. ಆ ದಿನದಿಂದ ಅವರಿಗೆ ಅನ್ನ ಗಂಟಲಲ್ಲಿ ಇಳಿಯದಾಯಿತು. ಹದಿನಾಲ್ಕು ಜನರ ಬೆರಳನ್ನೂ ಒಂದಲ್ಲ, ಎರಡೆರಡು ಸಲ ಚುಚ್ಚತೊಡಗಿದರು. "ಏನ್ ಮೇಡಂ, ಜರಡಿ ಮಾಡ್ತೀರಾ ನಮ್ಮನ್ನ?" ಎಂದು ಅಜ್ಜಂದಿರು ಗೊಣಗಿದರು.

ಗಡಿಯಾರದವರು ಮನೆಗೆ ಬಂದು ನಾಲ್ಕೈದು ದಿನವಾದ ಮೇಲೆ, ಒಂದು ಶುಕ್ರವಾರ ಮಧ್ಯಾಹ್ನ, ಇಂದು ಹೇಳಿಯೇ ತೀರಬೇಕೆಂದು ಮೇಡಂ ಹೊರಟರು. ಬಾಗಿಲು ತೆರೆದವಳು ಮಗಳು. ಪಕ್ಕದ ಬೀದಿಯಲ್ಲೇ ಸಂಸಾರ, ಟೈಲರಿಂಗ್ ಕೆಲಸ. ಹೊಲಿಗೆ ಬಿಟ್ಟು ಬಂದಿದ್ದಳೇನೋ, ಕತ್ತಿನಲ್ಲಿ ಅಳತೆ ಟೇಪು ಹಾಗೇ ನೇತಾಡುತ್ತಿತ್ತು. ಗಡಿಯಾರದವರು ಒಳಕೋಣೆಯಲ್ಲಿ ಮಲಗಿದ್ದರು. ಅಡುಗೆಮನೆಗೆ ನೀರು ಕುಡಿಯಲು ಹೋದ ಮೇಡಂ ಅಲ್ಲಿಯೇ ನಿಂತುಬಿಟ್ಟರು.

ಗೋಡೆಯ ತುಂಬ ಚೀಟಿಗಳು. ಒಲೆಯ ಮೇಲ್ಗಡೆ: 'ಗ್ಯಾಸ್ ಆರಿಸಿದೆ, ಶುಕ್ರವಾರ ಬೆಳಿಗ್ಗೆ.' ನಲ್ಲಿಯ ಪಕ್ಕ: 'ನೀರು ನಿಲ್ಲಿಸಿದೆ.' ಬಾಗಿಲ ಹಿಂದೆ: 'ಕೀಲಿ ಸೆರಗಿನಲ್ಲಿದೆ.' ಉಪ್ಪಿನ ಡಬ್ಬಿಯ ಮೇಲೊಂದು: 'ಸಾರಿಗೆ ಹಾಕಿ ಆಯಿತು. ಮತ್ತೆ ಹಾಕಬೇಡ.' ಎಲ್ಲ ಒಂದೇ ಕೈಬರಹ, ಗುಂಡಗೆ, ಜಾಗ್ರತೆಯಾಗಿ, ಕಲಿಯುವ ಮಕ್ಕಳು ಬರೆದ ಹಾಗೆ.

"ಅಮ್ಮಂದು" ಎಂದಳು ಮಗಳು ಹಿಂದಿನಿಂದ, ದನಿ ತಗ್ಗಿಸಿ. "ಮರೆವಿನ ಕಾಯಿಲೆ ಶುರುವಾಗಿದೆ ಅಂತ ಭಯ ಬಿದ್ದಿದ್ದಾಳೆ. ಮುಂದಿನ ವಾರ ಡಾಕ್ಟ್ರ ಹತ್ರ ಪರೀಕ್ಷೆಗೆ ಹೋಗ್ಬೇಕು. ಅಪ್ಪನ ಮಾತ್ರೆ ಈಗ ನಾನೇ ಬಂದು ಕೊಡ್ತೀನಿ. ಅವಳು ಮುಟ್ಟೋದೂ ಇಲ್ಲ. ಅಪ್ಪಂಗೆ ಒಂದು ಲೋಟ ನೀರು ಕೊಡೋಕೂ ನನ್ನ ಕರೀತಾಳೆ."

ಹೇಳಬೇಕೆಂದು ಬಂದಿದ್ದ ಮೇಡಂ ಹಿತ್ತಲ ಬಾಗಿಲ ಮೆಟ್ಟಿಲಲ್ಲಿ ಸೊಪ್ಪು ಬಿಡಿಸುತ್ತ ಕೂತಿದ್ದ ಆಕೆಯ ಕಡೆ ನೋಡಿದರು. ಬಿಡಿಸಿದ ಎಲೆಗಳನ್ನು ಆಕೆ ಮತ್ತೆ ಮತ್ತೆ ತಿರುವಿ ನೋಡುತ್ತಿದ್ದರು. ಹುಳ ಇದೆಯೋ ಎಂದು ಒಂದೇ ಎಲೆಯನ್ನು ಮೂರು ಸಲ. ಮಗಳ ಮುಂದೆ ಮಾತು ಹೊರಡಲಿಲ್ಲ. ತಲೆನೋವೆಂದು ಹೇಳಿ ಹೊರಟುಬಿಟ್ಟರು.

ಮನೆಗೆ ಹೋಗಲಿಲ್ಲ, ನೇರವಾಗಿ ಕೇಂದ್ರಕ್ಕೆ ಹೋದರು. ನರ್ಸಮ್ಮ ಹತ್ತಿ ಉಂಡೆಗಳನ್ನು ಡಬ್ಬಿಗೆ ತುಂಬುತ್ತಿದ್ದಳು. ಮೇಡಂ ಕುರ್ಚಿಯಲ್ಲಿ ಕೂರದೆ, ನಿಂತೇ ಹೇಳಿದರು. ಹಿಂದೆ ಮಕ್ಕಳು ತಮ್ಮೆದುರು ನಿಂತು ಒಪ್ಪಿಕೊಳ್ಳುತ್ತಿದ್ದದ್ದು ಹಾಗೆಯೇ.

ನರ್ಸಮ್ಮ ಕೈಯಲ್ಲಿದ್ದ ಹತ್ತಿಯನ್ನು ಮೇಜಿನ ಮೇಲಿಟ್ಟಳು. "ಐದೂ ಜನರದ್ದಾ?"

"ಐದೂ ಜನರದ್ದು."

ಆಕೆ ಎದ್ದು ಬಾಗಿಲು ಮುಂದೆ ಮಾಡಿ ಬಂದಳು. "ಮೇಡಂ, ಇದು ಹೊರಗೆ ಬಿದ್ರೆ ತರಗತಿ ನಿಂತುಹೋಗುತ್ತೆ. ನನ್ನನ್ನೂ ಕೇಳ್ತಾರೆ, ಯಾಕೆ ಬಿಟ್ಟು ಹೋದೆ ಅಂತ. ನಲವತ್ತು ಜನ ಬರ್ತಾರೆ. ಹನ್ನೊಂದು ಜನಕ್ಕೆ ಮಾತ್ರೆ ಕಡಿಮೆ ಆಗಿದೆ. ಅವರಿಗೆಲ್ಲ ಏನು ಹೇಳೋದು?" ಮೇಜಿನ ಕಡೆ ನೋಡುತ್ತ ಹೇಳಿದಳು: "ಅವರೀಗ ಚೇತರಿಸ್ಕೋತಿದ್ದಾರೆ. ಆಗಿದ್ದು ಆಗಿಹೋಯ್ತು. ಇನ್ಮುಂದೆ ಹೀಗಾಗದ ಹಾಗೆ ನೋಡ್ಕೊಳ್ಳೋಣ. ಸಾಲ್ದಾ?"

ಮೇಡಂಗೆ ಒಂದು ಕ್ಷಣ ಎದೆಯ ಮೇಲಿನ ಕಲ್ಲು ಸರಿದಂತಾಯಿತು. ತನ್ನೊಬ್ಬಳ ಬಾಯಿ ಮುಚ್ಚಿದರೆ ನಲವತ್ತು ಜನಕ್ಕೆ ಒಳ್ಳೆಯದು. ಎಷ್ಟು ಸಲೀಸಾದ ಲೆಕ್ಕ. ಆದರೆ ಉಪ್ಪಿನ ಡಬ್ಬಿಯ ಮೇಲಿನ ಚೀಟಿ ಕಣ್ಣ ಮುಂದಿನಿಂದ ಹೋಗಲಿಲ್ಲ.

"ಅವರ ಹೆಂಡತಿ ತನಗೆ ಬುದ್ಧಿ ಕೆಟ್ಟಿದೆ ಅಂದ್ಕೊಂಡಿದ್ದಾರಮ್ಮ" ಎಂದರು. "ಮುಂದಿನ ವಾರ ಪರೀಕ್ಷೆಗೆ ಹೋಗ್ತಿದ್ದಾರೆ. ಮಾಡದ ತಪ್ಪಿಗೆ."

ನರ್ಸಮ್ಮನಿಗೆ ಅದು ಗೊತ್ತಿರಲಿಲ್ಲ. ಹತ್ತಿಯ ಡಬ್ಬಿಯ ಮುಚ್ಚಳ ಹಾಕಿ, ತೆಗೆದು, ಮತ್ತೆ ಹಾಕಿದಳು. ಕೊನೆಗೆ, "ನಾಳೆ ನೀವು ಅವರಿಗೆ ಹೇಳಿ. ನಾನು ವರದಿ ಬರೀತೀನಿ" ಎಂದಳು. ಮೇಡಂ ಬಾಗಿಲ ಹತ್ತಿರ ಹೋದಾಗ ಮತ್ತೆ ಕರೆದಳು. "ನಾನು ಅವತ್ತು ಲಸಿಕೆ ಬಿಟ್ಟು ಬರಬಹುದಾಗಿತ್ತು ಮೇಡಂ. ತಡ ಮಾಡಿದ್ರೆ ನಡೀತಿತ್ತು."

"ಅದನ್ನ ನಿನ್ನ ತಲೆಗೆ ಕಟ್ಕೋಬೇಡ" ಎಂದರು ಮೇಡಂ. ಹೇಳುವುದು ಸುಲಭವಿತ್ತು.

ಮರುದಿನ ತರಗತಿ ಮುಗಿಸಿ ಹನ್ನೊಂದು ಗಂಟೆಗೆ ಹೋದಾಗ ಗಡಿಯಾರದವರ ಮನೆಯಲ್ಲಿ ಗಂಡ ಹೆಂಡತಿ ಇಬ್ಬರೇ ಇದ್ದರು. ಅವರು ಹಾಸಿಗೆಯಲ್ಲಿ ದಿಂಬಿಗೊರಗಿ ಕೂತಿದ್ದರು, ಆಕೆ ಕಾಲ ಕಡೆ ಸ್ಟೂಲಿನ ಮೇಲೆ. ಮೇಡಂ ಕೂರದೆ ಹಾಸಿಗೆಯ ಕಂಬಿ ಹಿಡಿದು ನಿಂತರು.

"ನೀವು ಎರಡು ಸಲ ಮಾತ್ರೆ ಕೊಟ್ಟಿಲ್ಲ" ಎಂದು ಆಕೆಗೆ ಹೇಳಿದರು. "ಕೊಟ್ಟಿದ್ದೀರಿ ಅಂತ ಡಾಕ್ಟ್ರು ಅಂದ್ಕೊಂಡಿದ್ದು ನಾನು ಬರೆದ ನಂಬರ್ ನೋಡಿ. ಆ ನಂಬರ್ ಸುಳ್ಳು. ಅವತ್ತು ಇವರ ಬೆರಳು ನಾನು ಚುಚ್ಚಲೇ ಇಲ್ಲ. ಹೊತ್ತಾಯ್ತು ಅಂತ ಹಳೇ ಪುಟ ನೋಡಿ ಬರೆದೆ. ತಿಂಡಿ ಆಯ್ತಾ ಅಂತ ಕೂಡ ಕೇಳಲಿಲ್ಲ. ಆಮೇಲೆ ಇವರು ಬೆವರ್ತಾ ಕೂತಿದ್ದನ್ನ ನೋಡ್ದೆ. ನೋಡಿ ತಮಾಷೆ ಮಾಡಿ ಎಬ್ಬಿಸ್ದೆ."

ಆಕೆ ಅರ್ಥವಾಗದವರ ಹಾಗೆ ನೋಡಿದರು. "ಅಂದ್ರೆ?"

"ಅಂದ್ರೆ ತಪ್ಪು ನಂದು. ನಿಮ್ಮದೇನೂ ಇಲ್ಲ. ನಿಮ್ಮ ನೆನಪು ಸರಿಯಾಗೇ ಇದೆ."

ಗೋಡೆಯಾಚೆ ಯಾರದೋ ಮನೆಯಲ್ಲಿ ಪಾತ್ರೆ ತೊಳೆಯುವ ಸದ್ದು. ಆಕೆ ಎದ್ದುನಿಂತರು.

"ಹದಿನಾರು ದಿನ" ಎಂದರು. "ಹದಿನಾರು ದಿನ ನಾನು ಇವರ ಮುಖ ನೋಡೋಕೆ ಹೆದರಿ ಬದುಕಿದೀನಿ. ನನ್ನ ಕೈಯಿಂದ ಒಂದು ತುತ್ತು ಕೊಡೋಕೆ ಹೆದರಿದೀನಿ. ಆಸ್ಪತ್ರೇಲಿ ನಿಮ್ಮ ಕೈ ಹಿಡ್ಕೊಂಡು ಅತ್ತೆನಲ್ಲ, ಆಗ ಗೊತ್ತಿತ್ತಾ ನಿಮಗೆ?"

"ಗೊತ್ತಿತ್ತು."

"ಗೊತ್ತಿದ್ದೂ, ಎಲ್ಲ ಸರಿಹೋಗುತ್ತೆ ಅಂದ್ರಿ."

"ಅಂದೆ."

"ನೀವು ಟೀಚರಮ್ಮ" ಎಂದರು ಆಕೆ. ಬಯ್ಯುವುದಕ್ಕೆ ಅದಕ್ಕಿಂತ ದೊಡ್ಡ ಪದ ಆಕೆಯ ಬಳಿ ಇರಲಿಲ್ಲ.

ಆಗ ಹಾಸಿಗೆಯಿಂದ ಗಡಿಯಾರದವರು ಕೆಮ್ಮಿದರು. "ಅವರೊಬ್ಬರನ್ನೇ ಅನ್ಬೇಡ ಕಣೇ" ಎಂದರು. "ನಾನು ತಿಂಡಿ ತಿಂದಿರಲಿಲ್ಲ."

"ತಿಂದ್ರಿ. ನಾನೇ ಬಡಿಸಿದೆ."

"ನೀನು ಬಟ್ಟೆ ಒಣಗಿಸೋಕೆ ಹೋದಾಗ ತಟ್ಟೇಲಿದ್ದಿದ್ದನ್ನ ಕಾಗದದಲ್ಲಿ ಸುತ್ತಿ ಜೇಬಿಗೆ ಹಾಕ್ಕೊಂಡೆ. ದಾರೀಲಿ ನಾಯಿಗೆ ಹಾಕಿದೆ. ಹಿಂದಿನ ದಿನ ಸಾಯಂಕಾಲಾನೂ ಹಾಗೇ ಮಾಡ್ದೆ. ತೂಕದ ದಿನ ಬಂತು ಅಂದ್ರೆ ಹಾಗೇ ಮಾಡ್ತಿದ್ದೆ, ಮೂರು ತಿಂಗಳಿಂದ." ಹೊದಿಕೆಯ ಅಂಚನ್ನು ಬೆರಳಿಂದ ಮಡಿಸುತ್ತ ಬಿಡಿಸುತ್ತ ಹೇಳಿದರು. "ಚಪ್ಪಾಳೆ ಹೊಡೀತಿದ್ರಲ್ಲ. ನಲವತ್ತು ವರ್ಷ ತಲೆ ಬಗ್ಗಿಸಿ ಕೆಲಸ ಮಾಡ್ದೆ, ಯಾರೂ ಹೊಡೆದಿರಲಿಲ್ಲ."

"ಮತ್ತೆ ಡಾಕ್ಟ್ರು ನನ್ನನ್ನ ಕೇಳಿದಾಗ?"

"ನೀನು ಎರಡು ಸಲ ಕೊಟ್ಟಿರಬಹುದು ಅಂತ ನಾನೂ ನಂಬಿದೆ. ನಂಬೋಕೆ ಹಾಯಾಗಿತ್ತು. ನಾಯಿಗೆ ಹಾಕಿದ್ದನ್ನ ಈ ವಯಸ್ಸಲ್ಲಿ ಹೇಗೆ ಹೇಳ್ಲಿ ಅಂತ ನಾಚಿಕೆ ಆಯ್ತು."

ಆಕೆ ಇಬ್ಬರನ್ನೂ ಒಂದು ಸಲ ನೋಡಿದರು. ಅಳಲಿಲ್ಲ. ಅಡುಗೆಮನೆಗೆ ಹೋದರು. ಗೋಡೆಯಿಂದ ಚೀಟಿಗಳನ್ನು ಒಂದೊಂದಾಗಿ ಕಿತ್ತ ಸದ್ದು ಕೇಳಿಸಿತು. ಕೆಲವು ಸುಣ್ಣದ ಸಮೇತ ಬಂದವು. ಮೇಡಂ ಹೊರಡಲು ಬಾಗಿಲಿಗೆ ಬಂದಾಗ ಆಕೆ ಒಳಗಿನಿಂದಲೇ ಹೇಳಿದರು: "ಇನ್ಮೇಲೆ ಈ ಮನೆಗೆ ಬರಬೇಡಿ."

ದಾರಿಯಲ್ಲಿ ಮೇಡಂಗೆ ಹಗುರವಾಗಬೇಕಿತ್ತು. ಆಗಲಿಲ್ಲ. ಸಂಜೆ ಎಲ್ಲ ಕೇಳಿದ ಅಕ್ಕ, "ಸರಿ ಹೋಯ್ತು, ಅವರೇ ತಿಂದಿರಲಿಲ್ಲವಲ್ಲ! ನಿಂದೊಬ್ಬಳದೇ ತಪ್ಪಲ್ಲ ಬಿಡು" ಎಂದರು. ಮೇಡಂ ತಲೆಯಾಡಿಸಿದರು. "ಅಕ್ಕ, ತಿನ್ನದೇ ಬಂದು ತಿಂದೆ ಅನ್ನೋರಿಗಾಗಿಯೇ ಆ ನಿಯಮ ಇದ್ದದ್ದು. ಒಂದು ಹನಿ ರಕ್ತ ನೋಡಿದ್ರೆ ಸಾಕಿತ್ತು. ಅವರಿಗೆ ಹಸಿವು ಕಲಿಸಿದ್ದೂ ನನ್ನ ಚಪ್ಪಾಳೆಯೇ."

ವರದಿ ಹೋಯಿತು. ತರಗತಿ ಒಂದೂವರೆ ತಿಂಗಳು ನಿಂತಿತು. ನರ್ಸಮ್ಮನಿಗೆ ಎಚ್ಚರಿಕೆಯ ಕಾಗದ ಬಂತು. ಮೇಡಂ ಇನ್ನು ತರಗತಿ ನಡೆಸಕೂಡದೆಂದು ಆಯಿತು. ಬೀದಿಯಲ್ಲಿ ಕೆಲವರು ಮುಖ ತಿರುಗಿಸಿಕೊಂಡು ಹೋದರು. ಒಬ್ಬ ಅಜ್ಜಿ ಎದುರಿಗೇ ಕೇಳಿದರು: "ಸುಮ್ನೆ ಇರೋಕಾಗ್ಲಿಲ್ವಾ ನಿಮಗೆ? ನಮ್ಮ ಮಂಡಿ ಮತ್ತೆ ಹಿಡ್ಕೋತಾ ಇದೆ." ಗಡಿಯಾರದವರ ಮಗಳು ದಾರಿಯಲ್ಲಿ ಸಿಕ್ಕಾಗ ಮೇಡಂ ಇದ್ದಾರೆಂಬುದೇ ಕಾಣದವಳಂತೆ ದಾಟಿಹೋದಳು. ಅವಳ ತಾಯಿಯ ಪರೀಕ್ಷೆ ಮಾತ್ರ ರದ್ದಾಗಿತ್ತು. ಅಷ್ಟನ್ನು ನರ್ಸಮ್ಮನಿಂದ ತಿಳಿದ ದಿನ ಮೇಡಂ ಹೊಟ್ಟೆತುಂಬ ಊಟ ಮಾಡಿದರು.

ತರಗತಿ ಮತ್ತೆ ಶುರುವಾದಾಗ ನಡೆಸಲು ಒಬ್ಬ ಯುವಕ ಬಂದ. ಬೆರಳು ಚುಚ್ಚಲು ಬೇರೆಯೇ ಇಬ್ಬರು. ತೂಕವನ್ನು ಪರದೆಯ ಹಿಂದೆ ನೋಡುತ್ತಾರೆ, ಸಂಖ್ಯೆ ಅವರವರಿಗೆ ಮಾತ್ರ, ಚಪ್ಪಾಳೆ ಇಲ್ಲ. ಮೇಡಂ ಕೊನೆಯ ಸಾಲಿನಲ್ಲಿ ಉಳಿದವರ ಜೊತೆ ನಿಂತರು. ಮೊದಲ ದಿನ ಮುಖ ಬಿಸಿಯಾಗಿ, ಎಡಗೈ ಎಂದರೆ ಬಲಗೈ ಎತ್ತಿದರು.

ಇನ್ನೂ ಎರಡು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಮೇಡಂ ಮನೆಯ ಬಾಗಿಲು ಬಡಿದ ಸದ್ದಾಯಿತು. ತೆರೆದರೆ ಗಡಿಯಾರದವರ ಹೆಂಡತಿ. ಹೊಸ್ತಿಲಿಂದ ಒಳಗೆ ಕಾಲಿಡಲಿಲ್ಲ.

"ಇವರು ದಿನಾ ನಡೀಬೇಕು ಅಂತ ಡಾಕ್ಟ್ರು ಹೇಳಿದಾರೆ. ಮೆಟ್ಟಿಲು ಇಳಿಸೋಕೆ ನನ್ನೊಬ್ಬಳ ಕೈಲಿ ಆಗಲ್ಲ. ಮಗಳಿಗೆ ಬೆಳಿಗ್ಗೆ ಹೊಲಿಗೆ ಕೆಲಸ. ಬೀಳೋರನ್ನ ಹೇಗೆ ಹಿಡ್ಕೋಬೇಕು ಅಂತ ನಿಮಗೆ ಗೊತ್ತಿರುತ್ತೆ."

"ಬರ್ತೀನಿ."

"ಎಲ್ಲ ಮರೆತಿದೀನಿ ಅಂತ ಅಂದ್ಕೋಬೇಡಿ."

"ಅಂದ್ಕೊಳ್ಳಲ್ಲ."

ಅಂದಿನಿಂದ ಬೆಳಿಗ್ಗೆ ಏಳಕ್ಕೆ ಮೂವರೂ ಹೊರಡುತ್ತಾರೆ. ಗಡಿಯಾರದವರು ವಾಕರ್ ಹಿಡಿದು ಒಂದೊಂದೇ ಹೆಜ್ಜೆ ಇಡುತ್ತಾರೆ. ಬಲಗಾಲು ಸ್ವಲ್ಪ ಗಿಡ್ಡವಾಗಿದೆ, ಇನ್ನು ಅದು ಹಾಗೆಯೇ ಎಂದು ಡಾಕ್ಟರು ಹೇಳಿದ್ದಾರೆ. ಆ ಕಾಲು ನೆಲ ಮುಟ್ಟಿದಾಗಲೆಲ್ಲ ಅವರ ಮೈ ಒಂದು ಕಡೆ ವಾಲುತ್ತದೆ, ಆಗೆಲ್ಲ ಮೇಡಂಗೆ ಒಳಗೊಳಗೆ ಚುರುಕ್ಕೆನ್ನುತ್ತದೆ. ದಿನಕ್ಕೆ ನೂರಾರು ಸಲ. ಅದು ಕಡಿಮೆಯಾಗಬೇಕೆಂದು ಅವರು ಬಯಸುವುದೂ ಇಲ್ಲ.

ಹೆಂಡತಿ ಮೊದಲ ವಾರ ಒಂದು ಮಾತೂ ಆಡಲಿಲ್ಲ. ಎರಡನೆಯ ವಾರ ಗಂಡನಿಗೆ ಹೇಳಬೇಕಾದ್ದನ್ನು ಮೇಡಂಗೆ ಕೇಳುವಂತೆ ಹೇಳತೊಡಗಿದರು. ಮೊನ್ನೆ ಉದ್ಯಾನದ ಮೂಲೆಯ ಕಟ್ಟೆಯ ಮೇಲೆ ಅವರನ್ನು ಕೂರಿಸಿ ಸುಧಾರಿಸಿಕೊಳ್ಳುತ್ತಿದ್ದಾಗ, ತಮ್ಮ ಎದುರುಮನೆಯವರು ಬಾಗಿಲಿಗೆ ಬಳಿಸಿದ, ಅಲ್ಲಿಂದಲೂ ಕಾಣುತ್ತಿದ್ದ ಹಳದಿ ಬಣ್ಣದ ಬಗ್ಗೆ ಆಕೆ ಮಾತು ತೆಗೆದರು. ಎಷ್ಟು ಅಸಹ್ಯವಾಗಿದೆ, ಕಣ್ಣಿಗೆ ಹೊಡೆಯುತ್ತದೆ, ಬೆಳಿಗ್ಗೆ ಎದ್ದರೆ ಅದೇ ಕಾಣಬೇಕು ಎಂದು ಐದು ನಿಮಿಷ ಹೇಳಿದರು. ಹೇಳುತ್ತ ಹೇಳುತ್ತ ತಾನು ಯಾರ ಜೊತೆ ಮಾತಾಡುತ್ತಿದ್ದೇನೆಂದು ನೆನಪಾಯಿತೇನೋ, ಥಟ್ಟನೆ ನಿಲ್ಲಿಸಿದರು.

ಗಡಿಯಾರದವರು ಇಬ್ಬರ ನಡುವೆ ಕೂತು ಮೊಣಕಾಲು ನೀವಿಕೊಳ್ಳುತ್ತಿದ್ದರು.

"ಹಸಿರಾದ್ರೂ ಹೊಡೆಸಬಹುದಿತ್ತು" ಎಂದರು ಆಕೆ ಕೊನೆಗೆ, ಬಾಗಿಲ ಕಡೆ ನೋಡುತ್ತಲೇ. ಆಮೇಲೆ ಎದ್ದು ವಾಕರ್ ಅನ್ನು ಗಂಡನ ಮುಂದಿಟ್ಟು, "ಹಿಡ್ಕೊಳ್ಳಿ ಆ ಕಡೆ" ಎಂದು ಮೇಡಂಗೆ ಹೇಳಿದರು. ಮೇಡಂ ಹಿಡಿದುಕೊಂಡರು.